ತಪ್ಪಿಸಿಕೊಂಡವರು ನಿಲ್ಲುವ ಮರ

ಅದು ಹೊಂಗೆ ಮರ ಎಂದು ನಾನು. ನೇರಳೆ ಎಂದು ನನ್ನ ತಮ್ಮ. ಎಪ್ಪತ್ತಾರು ವರ್ಷದ ದೊಡ್ಡಮ್ಮ ಕಣ್ಣಿಗೆ ಬೀಳದೆ ಕಾಲು ಗಂಟೆಯಾಗಿತ್ತು. ಅವರು ಇನ್ಸುಲಿನ್ ಚುಚ್ಚಿಕೊಂಡಿದ್ದರು, ಊಟ ಮಾಡಿರಲಿಲ್ಲ. ನಾವಿಬ್ಬರು ಮನರಂಜನಾ ಪಾರ್ಕೊಂದರ ನಡುವೆ ನಿಂತು, ಈಗ ಇಲ್ಲದ ಮರದ ಜಾತಿ ಯಾವುದೆಂದು ಜಗಳವಾಡುತ್ತಿದ್ದೆವು.

ಹೆದರಿಸುವ ಆಸೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ: ದೊಡ್ಡಮ್ಮ ಸಿಕ್ಕರು. ನಾನಿದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ರೇಡಿಯೋ ಜೊತೆ ವಾದ ಮಾಡುತ್ತಿದ್ದಾರೆ.

ಇದನ್ನು ಬೇರೆ ಬೇರೆ ರೀತಿ ಬರೆದು ನೋಡಿದ್ದೇನೆ. ಒಂದರಲ್ಲಿ ಆ ಮರದ ತುಂಬ ಗಿಳಿಗಳಿದ್ದವು. ಗಿಳಿಗಳನ್ನು ನಾನು ನೋಡಿದ್ದು ಬೇರೆಲ್ಲೋ, ಬಹುಶಃ ಹಳೇಬೀಡಿನ ದೇವಸ್ಥಾನದ ಹಿಂದೆ. ಹೊಡೆದುಹಾಕಿದೆ. ಇನ್ನೊಂದರಲ್ಲಿ ನಾನು ಓಡುತ್ತಿದ್ದೆ. ನನಗೆ ಓಡಲು ಬರುವುದಿಲ್ಲ, ಬಲ ಮಂಡಿ ಬಿಡುವುದಿಲ್ಲ. ಬೇಗ ಬೇಗ ನಡೆದೆ, ಅಷ್ಟೇ. ಹೀಗೆ ಒಂದೊಂದನ್ನೇ ತೆಗೆಯುತ್ತ ಬಂದ ಮೇಲೆ ಉಳಿದದ್ದು ಇದು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಗೆಂಡೆಹಳ್ಳಿ ಸುತ್ತಿನ ಊರುಗಳಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಮದುವೆಯಾಗಲಿಲ್ಲ. ರಿಟೈರಾದ ಮೇಲೆ ಅರಸೀಕೆರೆಗೆ ಬಂದು ನನ್ನ ಜೊತೆಗಿದ್ದಾರೆ. ಪಿಂಚಣಿ ಮಾತ್ರ ಇನ್ನೂ ಬೇಲೂರಿನ ಬ್ಯಾಂಕಿಗೇ ಬರುತ್ತದೆ. ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಅವರು ಆ ಬ್ಯಾಂಕಿಗೆ ತೋರಿಸಿಕೊಳ್ಳಬೇಕು. ಅದನ್ನೆಲ್ಲ ಈಗ ಮನೆಯಲ್ಲೇ ಕೂತು ಫೋನಿನಲ್ಲಿ ಮಾಡಬಹುದು ಎಂದು ತಮ್ಮ ಪ್ರತಿ ವರ್ಷವೂ ಹೇಳುತ್ತಾನೆ.

"ಬದುಕಿದೀನಿ ಅಂತ ಹೇಳೋಕೆ ಬದುಕಿರೋರೇ ಹೋಗ್ಬೇಕು ಕಣೋ," ಎನ್ನುತ್ತಾರೆ ದೊಡ್ಡಮ್ಮ. "ಫೋನ್ ಕಳ್ಸಿದ್ರೆ ಫೋನ್ ಬದುಕಿದೆ ಅಂತ ಬರ್ಕೋತಾರೆ."

ಕಳೆದ ನವೆಂಬರಿನಲ್ಲಿ ತಮ್ಮನ ಕಾರಿನಲ್ಲಿ ಮೂವರೂ ಹೋದೆವು. ಬ್ಯಾಂಕಿನ ಯಂತ್ರಕ್ಕೆ ದೊಡ್ಡಮ್ಮನ ಹೆಬ್ಬೆರಳು ಗುರುತು ಸಿಗಲಿಲ್ಲ. ತೋರುಬೆರಳೂ ಸಿಗಲಿಲ್ಲ. ಅಷ್ಟು ವರ್ಷದ ಸೀಮೆಸುಣ್ಣ ಬೆರಳಿನ ಗೆರೆಗಳನ್ನು ತಿಂದುಹಾಕಿತ್ತು. ಕೊನೆಗೆ ಎಡಗೈಯ ಉಂಗುರದ ಬೆರಳಿಟ್ಟಾಗ ಹಸಿರು ದೀಪ ಹತ್ತಿತು. "ಬದುಕಿದ್ದೀರಿ ಮೇಡಂ," ಎಂದ ಗುಮಾಸ್ತ. "ನಿಮಗೆ ಅನುಮಾನ ಇತ್ತಾ?" ಎಂದರು ದೊಡ್ಡಮ್ಮ.

ಕೆಲಸ ಬೇಗ ಮುಗಿದಿತ್ತು. ಕಾರು ಹಳೇಬೀಡಿನ ದಾರಿ ಹಿಡಿದಾಗ ದೊಡ್ಡಮ್ಮ ಹಿಂದಿನ ಸೀಟಿನಿಂದ ಕೇಳಿದರು, "ಆ ಪಾರ್ಕ್ ಇನ್ನೂ ಇದ್ಯೇನೋ?"

"ಐತೆ. ನೀವು ನೋಡಿದ್ದಲ್ಲ ಅದು," ಎಂದ ತಮ್ಮ.

"ನಾನ್ ನೋಡಿದ್ದು ಎಲ್ಲಿಗೋಯ್ತು?"

"ಅದರ ಮೇಲೇ ಇದನ್ನ ಕಟ್ಟವ್ರೆ."

"ಹಂಗಾದ್ರೆ ನಡಿ, ಅಡಿಯಲ್ಲಿ ಏನಾದ್ರೂ ಉಳಿದಿದ್ಯಾ ನೋಡೋಣ," ಎಂದರು.

ಅದು ಶುರುವಾದಾಗ ಪಾರ್ಕೆಂದರೆ ಒಂದು ತೋಪು, ತೋಪಿನೊಳಗೆ ಜಾರುಬಂಡೆ, ನಾಲ್ಕಾರು ಉಯ್ಯಾಲೆ, ಮರಗಳ ಕೆಳಗೆ ಸುತ್ತುವ ಪುಟಾಣಿ ರೈಲು, ಬಾತುಕೋಳಿಗಳಿದ್ದ ಒಂದು ಕೊಳ. ದೊಡ್ಡಮ್ಮ ಪ್ರತಿ ವರ್ಷ ತಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆತರುತ್ತಿದ್ದರು. ನಮ್ಮಿಬ್ಬರನ್ನೂ ಅದೇ ಬಸ್ಸಿಗೆ ಹಾಕಿಕೊಳ್ಳುತ್ತಿದ್ದರು. ಚಾಪೆ ಹಾಸಿ, ಪಾತ್ರೆ ಬಿಚ್ಚಿ, ಚಿತ್ರಾನ್ನ ಹಂಚುತ್ತಿದ್ದರು. ಇಷ್ಟು ನೆನಪು ನಂಬಬಹುದಾದದ್ದು, ಏಕೆಂದರೆ ತಮ್ಮನೂ ಇಷ್ಟನ್ನು ಒಪ್ಪುತ್ತಾನೆ. ತೋಪು ಎಷ್ಟು ದೊಡ್ಡದಿತ್ತು ಎನ್ನುವಲ್ಲಿ ನಾವು ಬೇರೆಯಾಗುತ್ತೇವೆ. ನನಗೆ ಕಾಡು. ಅವನಿಗೆ ಒಂದು ಮಾವಿನ ತೋಟದಷ್ಟು.

ಒಳಗೆ ಹೋದ ಕೂಡಲೇ ದೊಡ್ಡಮ್ಮ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಮರ ತೋರಿಸುತ್ತಿದ್ದರು. "ತಪ್ಪಿಸ್ಕೊಂಡೋರು ನಡೀಬಾರ್ದು. ಈ ಮರದ ಕೆಳಗೆ ಬಂದು ನಿಂತ್ಕೋಬೇಕು. ಹುಡುಕೋರು ನಡೀಬೇಕು. ಇಬ್ರೂ ನಡೆದ್ರೆ ಸಂಜೆವರೆಗೂ ಒಬ್ಬರ ಬೆನ್ನಿಂದೆ ಒಬ್ಬರು ಸುತ್ತುತಾ ಇರ್ತೀರಿ." ಇದು ನಮ್ಮ ಮನೆಯ ಕಾನೂನಾಗಿಹೋಯಿತು. ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಬುಡದಲ್ಲಿ, ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹೊರಗೆ, ಎಲ್ಲಿ ಹೋದರೂ ಮೊದಲು ಮರ. ನಾನು ಕೆಲಸಕ್ಕೆ ಸೇರಿದ ಮೇಲೂ, ತಮ್ಮನಿಗೆ ಮದುವೆಯಾದ ಮೇಲೂ, ಜನ ಸೇರುವ ಕಡೆ ಹೋದರೆ ದೊಡ್ಡಮ್ಮ ಸುತ್ತ ನೋಡಿ ಗಲ್ಲ ಎತ್ತಿ ಒಂದು ಮರ ತೋರಿಸುತ್ತಾರೆ. ನಾವು ನಗುತ್ತೇವೆ, ಮರ ನೋಡಿಕೊಳ್ಳುತ್ತೇವೆ.

ಮರವೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ಮೊದಲ ಪೋಸ್ಟಿಂಗಿನ ಊರಿನಲ್ಲಿ ಬಸ್ಸಿಗೆ ಅವರು ಗಂಟೆಗಟ್ಟಲೆ ಕಾಯಬೇಕಿತ್ತಂತೆ. ಆ ಊರಿನ ಜಗಲಿಗಳ ಮೇಲೆ ಆಗ ನಮ್ಮಂಥವರು ಕೂರುವಂತಿರಲಿಲ್ಲ. ಟೀಚರಮ್ಮನಾದರೂ ಅಷ್ಟೇ. ದಾರಿಯ ಮರದ ಕೆಳಗೆ ಕೂರುತ್ತಿದ್ದರು. "ಮರದ ಕೆಳಗೆ ಕೂತೋರನ್ನ ಏಳು ಅನ್ನೋರು ಯಾರೂ ಇಲ್ಲ ಕಣೇ," ಎಂದರು. ಹಾಗೆಯೇ ಹೇಳಿದರೋ, ಅವರು ಹೇಳಿದ್ದನ್ನು ನಾನು ಹೀಗೆ ನಯ ಮಾಡಿಕೊಂಡಿದ್ದೇನೋ. ಅರ್ಥವಂತೂ ಇದೇ.

ಆಮೇಲೆ ಪಾರ್ಕಿಗೆ ಒಂದೊಂದೇ ಆಟ ಬಂತು. ರೈಲಿನ ಹಳಿ ಕಿತ್ತು ಡ್ಯಾಶಿಂಗ್ ಕಾರು. ಅದರ ಪಕ್ಕ ತೂಗಾಡುವ ದೊಡ್ಡ ದೋಣಿ, ಎಲ್ಲರೂ ಕೊಲಂಬಸ್ ಎನ್ನುವಂಥದ್ದು. ಕೊಳ ಮುಚ್ಚಿ ಅಲೆ ಏಳುವ ಈಜುಕೊಳ. ಒಂದು ಆಟಕ್ಕೆ ಮೂರೋ ನಾಲ್ಕೋ ಮರ ಹೋಗಿರಬೇಕು. ಅವು ಹೋದದ್ದನ್ನು ನಾನು ನೋಡಿದೆ ಎಂದು ಬರೆಯಲು ಕೈ ಹೋಗುತ್ತದೆ. ನೋಡಲಿಲ್ಲ. ಕೊಲಂಬಸ್ ಬಂತಂತೆ ಎಂದು ಕುಣಿದಾಡಿ, ಹಟ ಮಾಡಿ, ಅದಕ್ಕೆ ಮೊದಲು ಹತ್ತಿದವರಲ್ಲಿ ನಾನೂ ಒಬ್ಬಳು. ಆ ದೋಣಿಯ ತುದಿಯಲ್ಲಿ ಕೂತು ಕಿರುಚುವಾಗ ಕೆಳಗೆ ನಿನ್ನೆವರೆಗೆ ಏನಿತ್ತು ಎಂದು ಯಾರು ಯೋಚಿಸುತ್ತಾರೆ? ಪ್ರತಿ ಸಲ ಗೇಟಿನಲ್ಲಿ ನಾವು ಕೇಳುತ್ತಿದ್ದದ್ದು ಒಂದೇ, ಈ ಸಲ ಹೊಸದೇನು ಬಂದಿದೆ? ಕಡಿದವರು ನಮ್ಮ ಮಾತನ್ನು ಕೇಳಿಸಿಕೊಂಡರು, ಅಷ್ಟೇ.

ಈ ಸಲ ಟಿಕೆಟ್ ಕೊಡುವವನು ನಮ್ಮನ್ನು ನೋಡಿ, "ಮಕ್ಕಳೆಷ್ಟು ಜನ?" ಎಂದ.

"ಮೂರು," ಎಂದರು ದೊಡ್ಡಮ್ಮ. "ನಾವೇ."

ಗೇಟಿನ ಕಾವಲುಗಾರ ನಮ್ಮ ಚೀಲವನ್ನು ತಡೆದ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ಚಪಾತಿ, ಪಲ್ಯ, ಮೊಸರನ್ನವಿದ್ದ ಕ್ಯಾರಿಯರ್ ಚೀಲದಲ್ಲಿತ್ತು. ದೊಡ್ಡಮ್ಮನ ಫೋನೂ ಅದರಲ್ಲೇ ಇತ್ತು. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಅವರು ಇಟ್ಟುಕೊಳ್ಳುವ ಪೆಪ್ಪರ್‌ಮಿಂಟ್ ಪೊಟ್ಟಣವೂ. ಕಾವಲುಗಾರ ಟೋಕನ್ ಕೊಟ್ಟ. ಅರ್ಧ ಗಂಟೆ ಸುತ್ತಿ ಬಂದು ಹೊರಗೆ ಕಾರಿನಲ್ಲಿ ಕೂತು ಊಟ ಮಾಡೋಣ ಎಂದುಕೊಂಡು ಚೀಲ ಬಿಟ್ಟು ಒಳಗೆ ಹೋದೆವು. ಈ ತಪ್ಪು ನನ್ನದು.

ಒಳಗೆ ಹೋಗಿ ನಿಂತಾಗ ದೊಡ್ಡಮ್ಮ ಸುತ್ತ ನೋಡಿದರು. ಗಲ್ಲ ಎತ್ತಲಿಲ್ಲ. ನೆಲದ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು. ಅಲ್ಲಲ್ಲಿ ಬಣ್ಣದ ಬಲ್ಬು ಸುತ್ತಿದ ಫೈಬರಿನ ತೆಂಗಿನ ಮರಗಳು. ಎಲ್ಲೆಲ್ಲಿಂದಲೂ ಸಿನಿಮಾ ಹಾಡು. ನವೆಂಬರಿನ ಗಾಳಿ ತಣ್ಣಗಿದ್ದರೂ ಬಿಸಿಲು ನೆತ್ತಿಯ ಮೇಲೇ ಕೂತಿತ್ತು. "ಚೆನ್ನಾಗ್ ತೊಳ್ದಿದಾರೆ," ಎಂದಷ್ಟೇ ಅವರು ಹೇಳಿದರು. ಬೇಜಾರಿನಲ್ಲೋ ಮೆಚ್ಚಿಯೋ ತಿಳಿಯಲಿಲ್ಲ.

ದೊಡ್ಡಮ್ಮನಿಗೆ ಹನ್ನೆರಡೂವರೆಗೆ ಸೂಜಿ, ಒಂದಕ್ಕೆ ಊಟ. ರಿಟೈರಾಗಿ ಇಷ್ಟು ವರ್ಷವಾದರೂ ಅವರೊಳಗೆ ಶಾಲೆಯ ಗಂಟೆ ಹೊಡೆಯುತ್ತಲೇ ಇದೆ. ಹನ್ನೆರಡೂವರೆಗೆ ಸರಿಯಾಗಿ, ಸೊಂಟದ ಪರ್ಸಿನಲ್ಲಿದ್ದ ಇನ್ಸುಲಿನ್ ಪೆನ್ನು ಮುಟ್ಟಿ ನೋಡಿಕೊಂಡು, "ಇಲ್ಲೇ ನಿಂತಿರಿ," ಎಂದು ಹೆಂಗಸರ ಟಾಯ್ಲೆಟ್ಟಿಗೆ ಹೋದರು. ಊಟದ ಮೇಲೆ ಚುಚ್ಚಿಕೊಳ್ಳಿ, ಇನ್ನೂ ಹೊರಗೆ ಹೋಗಬೇಕಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದೆ ಎಂದು ತಮ್ಮನ ಹತ್ತಿರ ವಾದಿಸಿದ್ದೇನೆ. ಹೇಳಲಿಲ್ಲ.

ನಿಂತಿದ್ದೆವು. ಹತ್ತು ನಿಮಿಷವಾಯಿತು. ನಾನು ಒಳಗೆ ಹೋಗಿ ನೋಡಿದೆ. ನೆಲ ಒರೆಸುತ್ತಿದ್ದ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ. ಆಗ ಕಂಡಿತು ಇನ್ನೊಂದು ಬಾಗಿಲು. ಕಟ್ಟಡ ಹೊಸದು. ಒಳಗೆ ಹೋಗುವುದು ಒಂದು ಕಡೆ, ಹೊರಗೆ ಬರುವುದು ಬೆನ್ನ ಕಡೆ.

"ಬಿಳೀ ಸೀರೆ, ನೀಲಿ ಅಂಚಾ?" ಎಂದಳು ಆಕೆ, ನಾನು ವಿಚಾರಿಸಿದ್ದಕ್ಕೆ. "ಆಗ್ಲೇ ಓದ್ರಲ್ಲಕ್ಕ, ಆಕಡೆ ಬಾಗ್ಲಲ್ಲಿ. ಯಾರೂ ಕಾಣುಸ್ತಿಲ್ವಲ್ಲ ಅಂತ ನಿಂತಿದ್ರು. ಆಮೇಲೆ ಮರ ಎಲ್ಲೈತೆ ಅಂತ ನನ್ನ ಕೇಳುದ್ರು. ಇಲ್ಲೆಲ್ ಮರ ಐತಮ್ಮ ಅಂದೆ. ಸರಿ, ನಾನೇ ನೋಡ್ಕೋತೀನಿ ಅಂದ್ರು."

ಬೇರೆ ಯಾರಾದರೂ ಆಗಿದ್ದರೆ ಕಟ್ಟಡ ಸುತ್ತಿ ಬಂದು ನಮ್ಮನ್ನು ಹುಡುಕುತ್ತಿದ್ದರು. ದೊಡ್ಡಮ್ಮ ತಮ್ಮ ಕಾನೂನನ್ನು ಪಾಲಿಸಲು ಹೋಗಿದ್ದರು.

ಹೊರಗೆ ಬಂದು ತಮ್ಮನಿಗೆ ಹೇಳಿದೆ. ಜಗಳ ಶುರುವಾದದ್ದು ಆಗ.

"ಹೊಂಗೆ ಮರ ಇದ್ದಿದ್ದು ಕೊಳದ ಹತ್ರ. ಕೊಳ ಇದ್ದಿದ್ದು ಆ ಈಜುಕೊಳ ಇದ್ಯಲ್ಲ, ಅಲ್ಲಿ," ಎಂದೆ.

"ಹೊಂಗೆ ಅಲ್ಲ ಕಣಕ್ಕ, ನೇರಳೆ. ರೈಲು ತಿರುಗೋ ಜಾಗದಲ್ಲಿತ್ತು. ನನ್ ಬಿಳೀ ಶರ್ಟ್ ಕಲೆ ಆಗಿ ಅಮ್ಮ ಹೊಡೆದಿದ್ದು ಮರ್ತೋಯ್ತಾ?"

"ಶರ್ಟ್ ಹಾಳಾಗಿದ್ದು ಮಾಲೇಕಲ್ಲಲ್ಲಿ."

"ಮಾಲೇಕಲ್ಲಲ್ಲಿ ನೇರಳೆ ಮರ ಎಲ್ಲಿದೆ?"

"ಇಲ್ಲಿ ಮಾತ್ರ ಎಲ್ಲಿದೆ?"

ಗಡಿಯಾರ ನೋಡಿಕೊಂಡೆ. ಹನ್ನೆರಡು ಮುಕ್ಕಾಲಾಗಿತ್ತು. ಸಕ್ಕರೆ ಇಳಿದರೆ ದೊಡ್ಡಮ್ಮ ಏನಾಗುತ್ತಾರೆಂದು ನಾನು ಒಮ್ಮೆ ನೋಡಿದ್ದೇನೆ. ಮೊದಲು ಹಣೆಯಲ್ಲಿ ಬೆವರು. ಆಮೇಲೆ ಕೈ ನಡುಕ, ಸಿಟ್ಟು. ಆಮೇಲೆ ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆದು, ಸೌಟನ್ನು ಫ್ರಿಜ್ಜಿನೊಳಗಿಟ್ಟು, ಅಡುಗೆಮನೆಯ ನೆಲದ ಮೇಲೆ ಕುಸಿದರು. ಆ ದಿನ ಸಕ್ಕರೆ ಡಬ್ಬಿ ಕೈಗೆಟಕುವ ದೂರದಲ್ಲಿತ್ತು. ಇಲ್ಲಿ ಅವರ ಸಕ್ಕರೆ ಗೇಟಿನಲ್ಲಿ, ಟೋಕನ್ನಿನ ಹಿಂದೆ.

"ನೀನು ಗೇಟಿಗೆ ಹೋಗು," ಎಂದೆ. "ಮೈಕಲ್ಲಿ ಹೇಳ್ಸು. ಪೆಪ್ಪರ್‌ಮಿಂಟ್ ತಗೊಂಡ್ ಬಾ."

ನಾನು ಈಜುಕೊಳದ ಕಡೆ ನಡೆದೆ. ಹೊಂಗೆ ಇದ್ದ ಜಾಗ ಎಂದು ನಾನು ನಂಬಿದ್ದಲ್ಲಿ ನೀಲಿ ಟೈಲ್ಸು, ಒದ್ದೆ ಬಟ್ಟೆಯ ಜನ. ಕೊಳದ ಅಂಚು ಎಲ್ಲಿತ್ತು, ಮರ ಅಂಚಿನಿಂದ ಎಷ್ಟು ದೂರ, ಅದರ ನೆರಳು ಬೆಳಿಗ್ಗೆ ನೀರಿನ ಮೇಲೆ ಬೀಳುತ್ತಿತ್ತೋ ಸಂಜೆಯೋ? ಒಂದು ಮುದುಕಿಯ ಜೀವ ಇದರ ಮೇಲೆ ನಿಂತಿರುವಾಗ ನನಗೆ ಒಂದೂ ಹೊಳೆಯಲಿಲ್ಲ. ನಾನು ನೆನಪಿನ ಬಗ್ಗೆ ಬರೆಯುವವಳು. ಆವತ್ತು ನನ್ನ ನೆನಪು ಬರಿ ಹಸಿರು ಬಣ್ಣ ತೋರಿಸುತ್ತಿತ್ತು, ದಾರಿ ತೋರಿಸಲಿಲ್ಲ.

ಈಜುಕೊಳದ ಪಕ್ಕ ತಿಂಡಿ ಅಂಗಡಿಗಳ ಸಾಲು, ಮುಂದೆ ಛತ್ರಿ ಬಿಚ್ಚಿದ ಟೇಬಲ್ಲುಗಳು. ಕೌಂಟರಿನಲ್ಲಿದ್ದವನನ್ನು ಕೇಳಿದೆ.

"ಹೂಂ, ಬಂದಿದ್ರು," ಎಂದ. "ಆ ಟೇಬಲ್ಲಲ್ಲಿ ಕೂತ್ರು. ಏನ್ ಕೊಡ್ಲಿ ಅಮ್ಮ ಅಂದೆ. ಇಡ್ಲಿ ಇದ್ಯಾ ಅಂದ್ರು. ಇಡ್ಲಿ ಇಲ್ಲ, ನೂಡಲ್ಸು, ಗೋಬಿ. ಸರಿ, ಗೋಬಿನೇ ಕೊಡಪ್ಪ, ಬೇಗ ಕೊಡು ಅಂತ ನೂರ್ ರೂಪಾಯ್ ತೆಗುದ್ರು. ಇಲ್ಲಿ ಕ್ಯಾಶ್ ತಗಳಲ್ಲ, ಸ್ಕ್ಯಾನ್ ಮಾಡ್ಬೇಕು ಅಂದೆ."

"ಅವ್ರ ಹತ್ರ ಫೋನ್ ಇರ್ಲಿಲ್ಲ."

"ಅದ್ನೇ ಅಂದ್ರು. ಅಷ್ಟೊತ್ಗೆ ಒಂದು ಫ್ಯಾಮಿಲಿ ಬಂತು. ಟೇಬಲ್ಲು ಆರ್ಡರ್ ಮಾಡ್ದೋರ್ಗೆ ಅಮ್ಮ ಅಂದೆ. ಎದ್ರು." ಅವನು ನನ್ನ ಮುಖ ನೋಡಿದ. "ಯಾಕಕ್ಕ, ಉಷಾರಿಲ್ವಾ ಅವ್ರಿಗೆ? ಒಂದ್ ಮಾತ್ ಹೇಳಿದ್ರೆ ಹಂಗೇ ಕೊಡ್ತಿದ್ದೆ."

ಹೇಳುವವರಲ್ಲ. ಬೇಗ ಕೊಡು ಎಂದಿದ್ದರೆಂದರೆ ಸಕ್ಕರೆ ಇಳಿಯುತ್ತಿದೆಯೆಂದು ಅವರಿಗೂ ಗೊತ್ತಾಗಿತ್ತು.

ಅವನು ಕೈ ತೋರಿಸಿದ ಕಡೆ ಹೋದೆ. ಕೊಲಂಬಸ್ ದೋಣಿಯ ಮುಂದೆ ಕ್ಯೂ ನಿಲ್ಲಲು ತಗಡಿನ ಚಪ್ಪರ. ಪೀಪಿ ಊದುತ್ತ ಜನರನ್ನು ಬಿಡುತ್ತಿದ್ದವನಿಗೂ ನೆನಪಿತ್ತು.

"ಇಲ್ಲೊಂದು ಮರ ಇತ್ತಲ್ಲಪ್ಪ ಅಂತ ಕೇಳುದ್ರು. ನಾನು ಬಂದು ಎರ್ಡು ವರ್ಷ, ನಂಗೆಂಗ್ ಗೊತ್ತಾಗ್ಬೇಕು? ಕಂಬ ಒರಗ್ಕೊಂಡು ನಿಂತ್ರು. ಕ್ಯೂನಲ್ಲಿ ಇಲ್ದೋರು ಇಲ್ಲಿ ನಿಲ್ಲಂಗಿಲ್ಲ ಅಂದೆ. ಮೇಲ್ನೋರು ಬೈತಾರೆ ನಮ್ಗೆ."

"ಬೆವೆತಿದ್ರಾ?"

"ಇಲ್ಲಿ ಯಾರ್ ಬೆವೆತಿಲ್ಲ ಹೇಳಿ?"

ಒಂದು ಗಂಟೆ ಐದು ನಿಮಿಷ. ಅವನು ತೋರಿಸಿದ ಕಡೆ ನಡೆದೆ, ಡ್ಯಾಶಿಂಗ್ ಕಾರಿನ ಕಟ್ಟೆಯವರೆಗೆ ಹೋದೆ, ಅಲ್ಲಿಲ್ಲ, ಮತ್ತೆ ದೋಣಿಯ ಹತ್ತಿರವೇ ಬಂದೆ. ಹಾಡಿನ ನಡುವೆ ಮೈಕು ಕರಕರ ಎಂದಿತು: ಬಿಳಿ ಸೀರೆ ಉಟ್ಟ ಅಜ್ಜಿಯೊಬ್ಬರು ಕಳೆದುಹೋಗಿದ್ದಾರೆ, ಕಂಡವರು ಗೇಟಿಗೆ ಕರೆತನ್ನಿ. ಮತ್ತೆ ಹಾಡು. ಎಲ್ಲಿ ಕೂತರೂ ಎಬ್ಬಿಸುತ್ತಿದ್ದಾರೆ, ನಿಲ್ಲಲೂ ಬಿಡುತ್ತಿಲ್ಲ. ಅವರ ಕಾನೂನಿನಲ್ಲಿ ಹುಡುಕುವವರು ಮಾತ್ರ ನಡೆಯಬೇಕು. ಈ ಪಾರ್ಕು ತಪ್ಪಿಸಿಕೊಂಡವರನ್ನೂ ನಡೆಸುತ್ತಿತ್ತು.

ಆಗ ನಾನು ಅತ್ತೆನೇ? ಒಂದು ಕರಡಿನಲ್ಲಿ ಅತ್ತಿದ್ದೇನೆ. ನಿಜಕ್ಕೂ ಆದದ್ದು ಇಷ್ಟು: ಜೈಂಟ್ ವೀಲಿನ ಬೇಲಿ ಹಿಡಿದು ನಿಂತು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನೋಡಿದೆ. ವೀಲು ನಡೆಸುತ್ತಿದ್ದವನು, ಕೈಯಲ್ಲಿ ಟಿಕೆಟ್ಟಿನ ಕಟ್ಟು ಹಿಡಿದವನು, ನನ್ನ ಭುಜದ ಹತ್ತಿರ ಬಾಗಿ ಹೇಳಿದ:

"ಅಕ್ಕಾ, ಮ್ಯಾಗ್ಲಿಂದ ಯಾರೋ ನಿಮ್ಮನ್ನ ಕರೀತಾವ್ರೆ ನೋಡಿ."

ತಲೆ ಎತ್ತಿದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಹಳದಿ ತೊಟ್ಟಿಲೊಂದು ತಗಡಿನ ಛಾವಣಿ ಹೊತ್ತು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅದರಲ್ಲಿ ದೊಡ್ಡಮ್ಮ ಒಬ್ಬರೇ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಅವರ ತಲೆಗಿಂತ ದೊಡ್ಡದಾದ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ. ಇನ್ನೊಂದು ಕೈಯನ್ನು ಆಡಿಸುತ್ತಿದ್ದರು, ಹಿಂದಿನ ಬೆಂಚಿನ ಮಕ್ಕಳನ್ನು ಕರೆಯುವ ಹಾಗೆ, ಎರಡೇ ಬೆರಳಲ್ಲಿ.

ತೊಟ್ಟಿಲು ನನ್ನ ಮುಂದೆ ಬಂದಾಗ ಕೂಗಿದರು, "ಸೂಜಿ ಹಾಕ್ಕೊಂಡ್ಬಿಟ್ಟಿದ್ನಲ್ಲ, ಬೇರೇನೂ..." ಅಷ್ಟರಲ್ಲಿ ಮೇಲೆ ಹೋದರು.

ಕತ್ತು ಎತ್ತಿ ಕಾದೆ. ಮತ್ತೆ ಇಳಿದು ಬಂದರು.

"...ಸಿಗ್ಲಿಲ್ಲ ಕಣೇ! ಇವ್ನೊಬ್ನೇ ಕ್ಯಾಶ್ ತಗೊಂಡಿದ್ದು! ಎರಡನೇ ಮಿಠಾಯಿ ಇದು!" ಮತ್ತೆ ಮೇಲೆ.

ನಾನು ವೀಲು ನಡೆಸುವವನ ತೋಳು ಹಿಡಿದೆ. "ನಿಲ್ಸಪ್ಪ, ಇಳಿಸು ಅವ್ರನ್ನ."

"ಇನ್ನೆರ್ಡೇ ಸುತ್ತು ಅಕ್ಕ. ನಡುವೆ ನಿಲ್ಸುದ್ರೆ ಮೇಲಿರೋರೆಲ್ಲ ಬಾಯ್ ಬಡ್ಕೋತಾರೆ. ಅಮ್ಮ ಚೆನ್ನಾಗವ್ರೆ. ಮೊದ್ಲನೇ ಟಿಕೆಟ್ ಮುಗುದ್ರೂ ಇಳೀಲಿಲ್ಲ, ಇನ್ನೊಂದ್ ಕೊಡು ಅಂದ್ರು. ಮಿಠಾಯಿನೂ ನನ್ನತ್ರನೇ ತರುಸ್ಕೊಂಡ್ರು."

ಮೂರನೇ ಸಲ ಇಳಿದು ಬಂದಾಗ ಅವರು ಕೂಗಿದ್ದು, "ಆಗ್ಲಿಂದ ಯಾಕೆ ಕುಂಟ್ತಾ ಇದೀಯ?"

ಅಲ್ಲಿಗೆ ಅವರು ಸರಿಯಿದ್ದಾರೆಂದು ಗೊತ್ತಾಯಿತು. ಸಕ್ಕರೆ ಇಳಿದವರು ಬೇರೆಯವರ ಮಂಡಿ ನೋಡುವುದಿಲ್ಲ. ನೆಮ್ಮದಿ ಎಂದರೆ ಏನೋ ಹಗುರಾಗುವುದು ಎಂದು ಬರೆಯುತ್ತ ಬಂದಿದ್ದೇನೆ. ನನಗೆ ಆದದ್ದು ಹಾಗಲ್ಲ. ಮೊದಲು ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ ಹಸಿವಾಯಿತು, ಎಷ್ಟೆಂದರೆ ಆ ಗೋಬಿಯ ಎಣ್ಣೆ ವಾಸನೆಗೂ ಬಾಯಲ್ಲಿ ನೀರೂರಿತು. ಅಷ್ಟು ಹೊತ್ತು ಕೇಳಿಸದೇ ಇದ್ದ ಹಾಡಿನ ಮಾತುಗಳೆಲ್ಲ ಬಿಡಿಬಿಡಿಯಾಗಿ ಕೇಳತೊಡಗಿದವು. ಕೆಟ್ಟ ಹಾಡು. ಪೂರ್ತಿ ಕೇಳಿದೆ.

ತಮ್ಮ 'ಅಕ್ಕಾ ಅಕ್ಕಾ' ಎನ್ನುತ್ತ ಬಂದ. ಕಾವಲುಗಾರನ ಜೊತೆ ಜಗಳವಾಡಿ, ಚೀಲವನ್ನು ಅಲ್ಲೇ ಬಿಟ್ಟು, ಪೆಪ್ಪರ್‌ಮಿಂಟ್ ಪೊಟ್ಟಣ ಒಂದನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಮೇಲೆ ನೋಡು ಎಂದೆ. ನೋಡಿದ. ಪೊಟ್ಟಣ ಬಿಚ್ಚಿ ಒಂದನ್ನು ತನ್ನ ಬಾಯಿಗೆ ಹಾಕಿಕೊಂಡು ನನಗೊಂದು ಕೊಟ್ಟ.

ದೊಡ್ಡಮ್ಮ ಇಳಿದಾಗ ತುಟಿ, ಮೂಗಿನ ತುದಿ ಗುಲಾಬಿಯಾಗಿದ್ದವು. ನಾನು ಮೊದಲು ಅವರ ಹಣೆ ಮುಟ್ಟಿದೆ. ಒದ್ದೆಯಿತ್ತು, ತಣ್ಣಗಿತ್ತು. ಕೈ ಹಿಡಿದೆ. ಚೂರು ನಡುಗುತ್ತಿತ್ತು, ಆದರೆ ಬೆರಳು ಗಟ್ಟಿಯಾಗಿ ನನ್ನ ಬೆರಳನ್ನು ಹಿಡಿದಿತ್ತು.

"ಅಲ್ಲ ದೊಡ್ಡಮ್ಮ, ಈ ವಯಸ್ಸಲ್ಲಿ ಆ ಚಕ್ರ ಹತ್ತೋದಾ?" ಎಂದ ತಮ್ಮ.

"ಇನ್ನೇನ್ ಮಾಡ್ಲೋ? ಕೂತ ಕಡೆಯೆಲ್ಲ ಏಳಿ ಏಳಿ ಅಂದ್ರು. ಕಾಲು ನಡುಗೋಕೆ ಶುರುವಾಯ್ತು. ನೆರಳಿರೋ, ಕೂರೋಕಾಗೋ ಜಾಗ ಇಡೀ ಪಾರ್ಕಲ್ಲಿ ಇದೊಂದೇ. ಟಿಕೆಟ್ ತಗೊಂಡು ಕೂತೋರನ್ನ ಯಾರೂ ಎಬ್ಬಿಸಲ್ಲ. ಮೇಲಿಂದ ನೀವೂ ಕಾಣಿಸ್ತೀರಿ." ಅವರು ಅಂಟುಗೈಯನ್ನು ಸೆರಗಿಗೆ ಒರೆಸಿಕೊಂಡರು. "ಇವಳು ಆ ದೋಣಿ ಹತ್ರ ಎರಡು ಸಲ ಹೋದ್ಲು. ನೀನು ಗೇಟ್ ಹತ್ರ ಯಾರಿಗೋ ಕೈ ಬೀಸ್ತಾ ಬೈತಿದ್ದೆ. ಹುಡುಕೋ ರೀತಿನಾ ಅದು? ಆಮೇಲೆ ಯಾರೋ ಅಜ್ಜಿ ಬೇರೆ ಕಳೆದೋಗಿದಾರಂತೆ, ಮೈಕಲ್ಲಿ ಹೇಳ್ತಿದ್ರು. ಪಾಪ, ಸಿಕ್ಕಿದ್ರಾ?"

ತಮ್ಮ ನನ್ನ ಮುಖ ನೋಡಿದ. ಸಿಕ್ಕಿದರು ಎಂದೆ.

ಗೇಟಿನ ಹೊರಗೆ ಕಾರಿನ ಬಾಗಿಲುಗಳನ್ನೆಲ್ಲ ತೆರೆದು ಕೂತು ಕ್ಯಾರಿಯರ್ ಬಿಚ್ಚಿದೆವು. ಮೊಸರನ್ನವನ್ನು ಮೊದಲು ಕೊಟ್ಟೆ. ನಾಲ್ಕು ತುತ್ತು ಹೋಗುವವರೆಗೆ ಇಬ್ಬರೂ ಅವರ ಕೈಯನ್ನೇ ನೋಡುತ್ತಿದ್ದೆವು. ಐದನೆಯದಕ್ಕೆ ದೊಡ್ಡಮ್ಮ ಉಪ್ಪು ಕಡಿಮೆಯಾಗಿದೆ ಎಂದರು. ಅಷ್ಟು ಸಾಕಿತ್ತು ನನಗೆ.

ತಮ್ಮ ತಡೆಯಲಾರದೆ ಕೇಳಿದ. "ದೊಡ್ಡಮ್ಮ, ನೀವು ತೋರಿಸ್ತಿದ್ದ ಮರ ಯಾವ್ದು? ಅಕ್ಕ ಹೊಂಗೆ ಅಂತಾಳೆ. ನೇರಳೆ ತಾನೇ?"

ದೊಡ್ಡಮ್ಮ ಚಪಾತಿ ಮುರಿದು ಪಲ್ಯ ಸುತ್ತಿಕೊಂಡರು. "ಒಂದೇ ಮರ ಅಂತ ಯಾರು ಹೇಳಿದ್ದು? ಒಂದೊಂದ್ ವರ್ಷ ಒಂದೊಂದು. ನಾವು ಹೋದಾಗ ಯಾವ ಮರದ ಕೆಳಗೆ ಬೇರೆಯೋರು ಚಾಪೆ ಹಾಕಿರ್ಲಿಲ್ವೋ ಅದು. ಹೊಂಗೆನೂ ಇತ್ತು, ನೇರಳೆನೂ ಇತ್ತು. ಒಂದ್ಸಲ ಹುಣಸೆ ಮರ ತೋರಿಸಿದ್ದೆ. ಅಷ್ಟು ಮರ ಇದ್ವು ಕಣ್ರೋ, ಒಂದನ್ನೇ ಯಾರು ಜ್ಞಾಪಕ ಇಟ್ಕೋತಾರೆ?"

ತಮ್ಮನಿಗೆ ಈ ಉತ್ತರ ಸಮ್ಮತವಾಗಲಿಲ್ಲ. ಜಗಳ ಬಿಡಿಸಲು ಟೀಚರುಗಳು ಹೀಗೆ ಇಬ್ಬರಿಗೂ ಮಾರ್ಕ್ಸ್ ಕೊಡುತ್ತಾರೆ ಎನ್ನುತ್ತಾನೆ. ನನಗೂ ಅನುಮಾನವಿದೆ. ಎಲ್ಲರ ನೆನಪೂ ಸರಿಯಾಗಿಬಿಡುವಂಥ ಉತ್ತರವನ್ನು ನಾನು ಬೇರೆ ಯಾರ ಬರಹದಲ್ಲಿ ಓದಿದ್ದರೂ ನಂಬುತ್ತಿರಲಿಲ್ಲ. ಆದರೂ ಇಬ್ಬರು ಮಕ್ಕಳು ಒಂದೇ ಮಾತು ಕೇಳಿಸಿಕೊಂಡು ಎರಡು ಬೇರೆ ಮರಗಳನ್ನು ಮನೆಗೆ ಕೊಂಡೊಯ್ಯಬೇಕಾದರೆ ಅಲ್ಲಿ ಎಷ್ಟು ಮರಗಳಿದ್ದಿರಬೇಕು? ಒಂದು ಮರ ಹೋಗಿದ್ದರೆ ನಮಗೆ ಗೊತ್ತಾಗುತ್ತಿತ್ತು. ಅಷ್ಟೊಂದಿದ್ದವು, ಒಂದೊಂದೇ ಹೋದವು, ಎಣಿಸಲಿಲ್ಲ.

ದುಃಖಪಡಬೇಕಾದ ಮಾತು ಇದು. ಆ ಮಧ್ಯಾಹ್ನ ನನಗೆ ದುಃಖಪಡಲು ಬಿಡುವಿರಲಿಲ್ಲ. ದೊಡ್ಡಮ್ಮ ಎರಡನೇ ಚಪಾತಿಗೆ ಕೈ ಚಾಚಿದ್ದರು.

ಹಳೇಬೀಡು ದಾಟಿ ಜಾವಗಲ್ಲಿನ ದಾರಿಯಲ್ಲಿ ಅವರಿಗೆ ನಿದ್ದೆ ಬಂತು. ಊಟದ ನಿದ್ದೆಯೋ ಬೇರೆಯೋ ಎಂದು ನಾನು ಕಾರು ನಿಲ್ಲಿಸಲು ಹೇಳಿ, ಮುಂದಿನ ಸೀಟಿನಿಂದ ಇಳಿದು ಹಿಂದೆ ಹೋಗಿ ಅವರ ಪಕ್ಕ ಕೂತೆ. ಅರಸೀಕೆರೆ ಬರುವವರೆಗೆ ಆಗಾಗ ಹಣೆಯ ಮೇಲೆ ಕೈ ಇಟ್ಟು ನೋಡುತ್ತಿದ್ದೆ. ಒಣಗಿತ್ತು. ಬೆಚ್ಚಗಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರು ಕಣ್ಣು ಮುಚ್ಚಿಕೊಂಡೇ, "ಎಷ್ಟ್ ಸಲ ಮುಟ್ತೀಯೇ, ಮಲಗೋಕ್ ಬಿಡು," ಎಂದರು. ಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು, ಅವರಿಗೆ ಎಚ್ಚರವಾಗದ ಹಾಗೆ, ಮತ್ತೆ ಮುಟ್ಟಿದೆ.